ಎತ್ತಿನ ಕೊರಳಿನ ಬಿಲ್ಲೆಗೆ ಹೊಸ ಸೆಲ್ಲು: ಹಳೆಯದು ಎಲ್ಲಿ ಹೋಯಿತು?



ಮೊನ್ನೆ ಔರಾದ ತಾಲೂಕಿನ ರೈತರೊಬ್ಬರು ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬಂದು, ಅಂಗಿಯ ಜೇಬಿನಿಂದ ಒಂದು ಬಿಳಿ ಬಿಲ್ಲೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಹಳೆಯ ಕಾಲದ ದೊಡ್ಡ ರೂಪಾಯಿಗಿಂತ ತುಸು ಅಗಲ ಇದ್ದೀತು. "ಸಾಹೇಬ್ರಿ, ಎತ್ತಿಗಿ ಕಟ್ಟಿದ ಜಿಪಿಎಸ್ ಬಂದ್ ಬಿದ್ದದ. ಭಾಲ್ಕಿದಾಗ ಹೊಸ ಸೆಲ್ ತಂದು ಹಾಕೀನಿ, ಆದ್ರೂ ಚಾಲೂ ಆಗವಲ್ದು" ಎಂದರು. ಬೀಜ, ಗೊಬ್ಬರ, ಬೆಳೆವಿಮೆಯ ಪ್ರಶ್ನೆಗಳಿಗೆ ಉತ್ತರ ಕೊಟ್ಟು ರೂಢಿಯಾದ ನನಗೆ ಇದು ಹೊಸ ಪ್ರಶ್ನೆ. ಆದರೂ ಬಿಚ್ಚಿ ನೋಡಿದೆವು. ಐದು ನಿಮಿಷದಲ್ಲಿ ದೋಷ ಸಿಕ್ಕಿತು. ಅವರು ತಂದಿದ್ದ ಸೆಲ್ಲು ಬೇಕಾದುದಕ್ಕಿಂತ ತೆಳ್ಳಗಿತ್ತು. ಒಳಗಿನ ತಗಡಿಗೆ ಮುಟ್ಟುತ್ತಿರಲಿಲ್ಲ. ಸರಿಯಾದುದನ್ನು ತರಿಸಿ ಹಾಕಿದೊಡನೆ ಬಿಲ್ಲೆ ಕೀಚ್ ಎಂದಿತು.

ಅವರು ಎದ್ದು ಹೊರಡುವಾಗ ಸುಮ್ಮನೆ ಕೇಳಿದೆ: "ಹಳೇ ಸೆಲ್ ಏನ್ ಮಾಡಿದ್ರಿ?" ಸ್ವಲ್ಪ ಯೋಚಿಸಿ, "ಮೊಮ್ಮಗ ಆಡ್ಲಕ್ಕ ಒಯ್ದಾನ್ರಿ" ಎಂದರು. ಮಗುವಿಗೆ ಮೂರು ವರ್ಷ. ಕೂಡಲೇ ಮನೆಗೆ ಫೋನ್ ಹಚ್ಚಿಸಿದೆ. ಹೊರಸಿನ ಕೆಳಗೆ, ಗೋಲಿಗಳ ಜೊತೆಗೆ ಸೆಲ್ಲು ಸಿಕ್ಕಿತೆಂದು ಆ ಕಡೆಯಿಂದ ಹೇಳುವವರೆಗೆ ಅವರನ್ನು ನಾನು ಹೋಗಗೊಡಲಿಲ್ಲ. ಇಷ್ಟೇಕೆ ಗಾಬರಿ ಎಂದು ಅವರಿಗೆ ಅಚ್ಚರಿಯಾಯಿತು. ನಿಮಗೂ ಆಗಬಹುದು. ಅದಕ್ಕಾಗಿಯೇ ಈ ವಾರ ಬೆಳೆಯ ಮಾತು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ. ನಮ್ಮ ಹಳ್ಳಿಗಳಲ್ಲಿ ಬ್ಯಾಟರಿ ಎಂದರೆ ಕತ್ತಲಲ್ಲಿ ಹಿಡಿಯುವ ದೀಪ. ಜಿಪಿಎಸ್ ಎಂದರೆ ಜಾಗ ತೋರಿಸುವ ಯಾವ ಯಂತ್ರವಾದರೂ ಸರಿ. ನಿಜದಲ್ಲಿ ಇಂಥ ಯಂತ್ರ ಎರಡು ಬಗೆ. ಒಂದು ಉಪಗ್ರಹದಿಂದ ಜಾಗ ತಿಳಿದು, ಒಳಗಿರುವ ಸಿಮ್ ಮೂಲಕ ಸುದ್ದಿ ಕಳಿಸುತ್ತದೆ. ಟ್ರ್ಯಾಕ್ಟರಿಗೆ ಹಾಕುವುದು ಇದು. ಇದನ್ನು ಚಾರ್ಜ್ ಮಾಡಬೇಕು, ಇಲ್ಲವೇ ಗಾಡಿಯ ಬ್ಯಾಟರಿಗೆ ಜೋಡಿಸಬೇಕು. ಇದರ ಒಳಗಿನ ಮೆತ್ತನೆಯ ಲಿಥಿಯಂ ಬ್ಯಾಟರಿಯನ್ನು ಚಾಕುವಿನಿಂದ ಮೀಟಿ ತೆಗೆಯಲು ಹೋಗಬಾರದು. ತೂತು ಬಿದ್ದರೆ ಹೊತ್ತಿಕೊಳ್ಳುತ್ತದೆ.

ಎರಡನೆಯದು ಕೀಲಿ ಗೊಂಚಲಿಗೂ ಚೀಲಕ್ಕೂ ಕಟ್ಟುವ ಸಣ್ಣ ಬಿಲ್ಲೆ. 2021ರಲ್ಲಿ ಆಪಲ್ ಕಂಪನಿ ಏರ್‌ಟ್ಯಾಗ್ ಎಂಬುದನ್ನು ಮಾರುಕಟ್ಟೆಗೆ ತಂದಿತು. ಸ್ಯಾಮ್‌ಸಂಗ್ ಮೊದಲಾದವರದೂ ಇವೆ. ಇದರಲ್ಲಿ ಸಿಮ್ ಇಲ್ಲ, ಉಪಗ್ರಹದ ಸಂಪರ್ಕವೂ ಇಲ್ಲ. ಹತ್ತಿರ ಹಾದುಹೋಗುವವರ ಮೊಬೈಲಿಗೆ ಬ್ಲೂಟೂತ್ ಮೂಲಕ ಸದ್ದಿಲ್ಲದೆ ಸುಳಿವು ಕೊಡುತ್ತದೆ. ಆ ಮೊಬೈಲು ತಾನಿರುವ ಜಾಗವನ್ನು ನಿಮಗೆ ಮುಟ್ಟಿಸುತ್ತದೆ. ಬೀದರಿನ ಬಸ್ ನಿಲ್ದಾಣದಲ್ಲೋ ಭಾಲ್ಕಿಯ ರೈಲು ನಿಲ್ದಾಣದಲ್ಲೋ ಚೀಲ ಕಳೆದರೆ ಇದು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅಲ್ಲಿ ಮೊಬೈಲುಗಳಿಗೆ ಬರವಿಲ್ಲ. ಔರಾದಿನ ಆಚೆ ಮಹಾರಾಷ್ಟ್ರದ ಗಡಿಯ ಹೊಲದಲ್ಲಿ ಎತ್ತು ತಪ್ಪಿಸಿಕೊಂಡರೆ, ಸುತ್ತ ಮುತ್ತ ಆ ಜಾತಿಯ ಮೊಬೈಲ್ ಹಿಡಿದವರು ಯಾರೂ ಸುಳಿಯದಿದ್ದರೆ, ಬಿಲ್ಲೆ ಮೂಕವಾಗಿಯೇ ಇರುತ್ತದೆ. ಬೆಲೆಬಾಳುವ ದೇವಣಿ ಜೋಡಿಯನ್ನು ಇದೊಂದನ್ನೇ ನಂಬಿ ಬಯಲಿಗೆ ಬಿಡಬೇಡಿ ಎಂದೇ ನನ್ನ ಸಲಹೆ. ಇನ್ನು ದನದ ಕಿವಿಗೆ ಪಶುವೈದ್ಯರು ಹಾಕುವ ಹಳದಿ ಬಿಲ್ಲೆ ಬೇರೆಯೇ. ಅದು 12 ಅಂಕಿಯ ಗುರುತು ಮಾತ್ರ. ಅದರಲ್ಲಿ ಸೆಲ್ಲೂ ಇಲ್ಲ, ಅದು ದಾರಿಯನ್ನೂ ತೋರಿಸುವುದಿಲ್ಲ. ಅದನ್ನು ಬಿಚ್ಚಲು ಹೋದವರನ್ನೂ ಕಂಡಿದ್ದೇನೆ!

ಈಗ ಸೆಲ್ಲು ಬದಲಿಸುವ ಕೆಲಸ. ಈ ಬಿಲ್ಲೆಗಳಲ್ಲಿ ಹೆಚ್ಚಾಗಿ ಬಳಸುವುದು ಸಿಆರ್ 2032 ಎಂಬ ಸೆಲ್ಲು. ಅಂಕಿಯಲ್ಲೇ ಅದರ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್ 2025 ಎಂದರೆ ಅಗಲ ಅಷ್ಟೇ, ದಪ್ಪ ಎರಡೂವರೆ. ಸಿಆರ್ 2016 ಇನ್ನೂ ತೆಳುವು. ಮೂರೂ 3 ವೋಲ್ಟಿನವೇ ಆದುದರಿಂದ ಅಂಗಡಿಯವರು "ಎಲ್ಲಾ ಒಂದೇ" ಎಂದು ಕೊಟ್ಟುಬಿಡುತ್ತಾರೆ. ನಮ್ಮ ಔರಾದಿನ ರೈತರಿಗೆ ಆದದ್ದೂ ಅದೇ. ಹಳೆಯ ಸೆಲ್ಲಿನ ಮೇಲೆ ಬರೆದ ಅಂಕಿಯನ್ನು ಕಾಗದದ ಮೇಲೆ ಗೀಚಿಕೊಂಡು ಹೋಗಿ. ಒಂದೊಂದೇ ಸೆಲ್ಲನ್ನು ಬೇರೆ ಬೇರೆಯಾಗಿ ಮುಚ್ಚಿದ ಪೊಟ್ಟಣದಲ್ಲಿರುವುದನ್ನು, ತಾರೀಖು ನೋಡಿ ಕೊಳ್ಳಿ. ಡಬ್ಬಿಯಲ್ಲಿ ಒಂದರ ಮೇಲೊಂದು ಬಿದ್ದಿರುವ ಬಿಡಿ ಸೆಲ್ಲುಗಳು ಒಂದಕ್ಕೊಂದು ತಾಗಿ ಅಲ್ಲಿಯೇ ಬರಿದಾಗಿರುತ್ತವೆ. ಜೇಬಿನಲ್ಲಿ ಚಿಲ್ಲರೆ ಹಣದ ಜೊತೆ ಹಾಕಿಕೊಂಡರೂ ಹೀಗೆಯೇ.

ಏರ್‌ಟ್ಯಾಗಿನ ಉಕ್ಕಿನ ಬೆನ್ನನ್ನು ಎರಡು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಮುಚ್ಚಳ ಬರುತ್ತದೆ. ಅಂಚಿನಲ್ಲಿ ಸಂದು ಇರುವ ಬೇರೆ ಬಿಲ್ಲೆಗಳನ್ನು ನಾಣ್ಯದಿಂದ ಮೀಟಬಹುದು. ಏರ್‌ಟ್ಯಾಗಿನಲ್ಲಿ ಸೆಲ್ಲಿನ ಕೂಡುಗುರುತು ಇರುವ ಅಗಲ ಮುಖ ನಿಮ್ಮ ಕಡೆಗೆ ಬರಬೇಕು. ಬೇರೆಯವುಗಳಲ್ಲಿ ಒಳಗೆ ಕೊರೆದ ಗುರುತು ನೋಡಿಕೊಳ್ಳಿ. ಕೈಯಲ್ಲಿ ಎಣ್ಣೆ, ಬೆವರು ಇರಬಾರದು. ಸುತ್ತ ರಬ್ಬರಿನ ಉಂಗುರವಿದ್ದರೆ ಅದು ಮಡಚಿಕೊಳ್ಳದಂತೆ ಕೂರಿಸಿ, ಇಲ್ಲವಾದರೆ ಎತ್ತಿನ ಮೈ ತೊಳೆದ ಮೊದಲ ದಿನವೇ ನೀರು ಒಳಗೆ ಸೇರುತ್ತದೆ. ಸಾಧಾರಣವಾಗಿ ಒಂದು ಸೆಲ್ಲು ವರ್ಷದ ಆಸುಪಾಸು ಬರುತ್ತದೆ. ನಮ್ಮ ಬೀದರಿನ ಚಳಿಯಲ್ಲಿ ಬೆಳಗಿನ ಜಾವ "ಸೆಲ್ ಮುಗಿಯುತ್ತಿದೆ" ಎಂದು ಫೋನು ಹೇಳಿ, ಬಿಸಿಲೇರಿದ ಮೇಲೆ ಸುಮ್ಮನಾದರೆ ಮೋಸ ಹೋಗಬೇಡಿ. ತಂಪಿಗೆ ಸೆಲ್ಲಿನ ಶಕ್ತಿ ಕುಗ್ಗುತ್ತದೆ, ಅದು ಕೊನೆಯ ಹಂತಕ್ಕೆ ಬಂದಿದೆ ಎಂದೇ ಅರ್ಥ. ತಾರೀಖು ನೆನಪಿಡುವುದು ಕಷ್ಟವಾದರೆ ಕಾರಹುಣ್ಣಿಮೆಯನ್ನೇ ಗೊತ್ತು ಮಾಡಿಕೊಳ್ಳಿ. ಎತ್ತಿನ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುವ ದಿನ ಕೊರಳ ಪಟ್ಟಿಯನ್ನು ಹೇಗೂ ಬಿಚ್ಚುತ್ತೀರಿ.

ಇಷ್ಟೆಲ್ಲ ಸಣ್ಣ ಕೆಲಸ. ದೊಡ್ಡ ಮಾತು ಮುಂದಿದೆ.

ಬಿಲ್ಲೆಗೆ ಸಾಲದಷ್ಟು ನಿಶ್ಶಕ್ತವಾದ ಸೆಲ್ಲು ಸತ್ತ ಸೆಲ್ಲಲ್ಲ. ಮಗುವೊಂದರ ಗಂಟಲನ್ನು ಸುಡುವಷ್ಟು ಕಸುವು ಅದರಲ್ಲಿ ಇನ್ನೂ ಉಳಿದಿರುತ್ತದೆ. 20 ಮಿಲಿಮೀಟರಿನ ಈ ಬಿಲ್ಲೆ ಸಣ್ಣ ಮಕ್ಕಳ ಅನ್ನನಾಳದಲ್ಲಿ ಸರಿಯಾಗಿ ಸಿಕ್ಕಿಕೊಳ್ಳುವ ಗಾತ್ರದ್ದು. ಅಲ್ಲಿನ ತೇವಕ್ಕೆ ತಾಗಿ ವಿದ್ಯುತ್ತು ಹರಿಯುತ್ತದೆ, ಅದರಿಂದ ಕಾಸ್ಟಿಕ್ ಸೋಡಾದಂಥ ತೀಕ್ಷ್ಣ ಕ್ಷಾರ ಹುಟ್ಟುತ್ತದೆ, ಅದು ಮಾಂಸವನ್ನು ಸುಡುತ್ತದೆ. ಸೆಲ್ಲು ಒಡೆದು ಸೋರಬೇಕೆಂದೇನೂ ಇಲ್ಲ. ಎರಡು ಗಂಟೆಯೊಳಗೇ ತೀವ್ರ ಗಾಯವಾಗಬಹುದು. ಔರಾದಿನಿಂದಾಗಲಿ ಭಾಲ್ಕಿಯಿಂದಾಗಲಿ ಬೀದರಿಗೆ ಸುಮಾರು 40 ಕಿಲೋಮೀಟರ್. ಹಳ್ಳಿಯಿಂದ ಡಾಂಬರು ರಸ್ತೆಗೆ ಬರುವ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿ ನೋಡಿ, ಎರಡು ಗಂಟೆಯಲ್ಲಿ ಏನು ಉಳಿಯುತ್ತದೆ?

ಮಗು ನುಂಗಿದ್ದನ್ನು ಯಾರೂ ನೋಡಿರುವುದಿಲ್ಲ ಎಂಬುದೇ ಕಷ್ಟ. ಜೊಲ್ಲು ಸುರಿಸುವುದು, ಊಟ ಬೇಡವೆನ್ನುವುದು, ಕೆಮ್ಮು, ಎದೆನೋವು, ವಾಂತಿ. ನೆಗಡಿಯೋ ದೃಷ್ಟಿಯೋ ಎಂದು ಮನೆಯವರು ಉಪಚಾರ ಮಾಡುತ್ತ ಕೂರುತ್ತಾರೆ. ಮನೆಯಲ್ಲಿ ಸೆಲ್ಲು ಕಾಣೆಯಾಗಿದ್ದು ಮಗುವಿಗೆ ಹೀಗಾದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ಗಾಡಿಯಲ್ಲಿ ಎಕ್ಸ್‌ರೇ ಇರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ. "ಬಟನ್ ಸೆಲ್ ನುಂಗಿರಬಹುದು" ಎಂಬ ಮಾತನ್ನು ಬಾಗಿಲಲ್ಲೇ ಹೇಳಿ, ಏಕೆಂದರೆ ಎಕ್ಸ್‌ರೇಯಲ್ಲಿ ಅದು ನಾಣ್ಯದಂತೆ ಕಾಣಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇಬಾರದು. ಬಾಳೆಹಣ್ಣು ತಿನ್ನಿಸಿ ಕೆಳಗಿಳಿಸುವ ಪ್ರಯತ್ನವೂ ಬೇಡ. ಒಂದು ವರ್ಷ ತುಂಬಿದ, ನುಂಗಲು ಶಕ್ತವಾಗಿರುವ ಮಗು ಸೆಲ್ಲು ನುಂಗಿ 12 ಗಂಟೆ ಮೀರಿಲ್ಲವಾದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಹಾ ಚಮಚ ಜೇನುತುಪ್ಪ, ಹೆಚ್ಚೆಂದರೆ ಆರು ಸಲ, ಕೊಡಬಹುದೆಂದು ವೈದ್ಯರು ಹೇಳುತ್ತಾರೆ. ಅದು ಸುಡುವುದನ್ನು ತುಸು ತಡೆಯುತ್ತದೆ. ವರ್ಷ ತುಂಬದ ಕೂಸಿಗೆ ಜೇನು ಕೂಡದು. ಜೇನು ಹುಡುಕುತ್ತ ಹೊರಡುವುದನ್ನು ತಡ ಮಾಡುವುದೂ ಕೂಡದು. ಮೂಗಿನಲ್ಲಿ, ಕಿವಿಯಲ್ಲಿ ತುರುಕಿಕೊಂಡರೂ ಇಷ್ಟೇ ಅವಸರ.

ಅಮೆರಿಕದ ಟೆಕ್ಸಾಸಿನಲ್ಲಿ ಒಂದೂವರೆ ವರ್ಷದ ರೀಸ್ ಎಂಬ ಮಗು ರಿಮೋಟಿನ ಇಂಥ ಸೆಲ್ಲು ನುಂಗಿ 2020ರಲ್ಲಿ ತೀರಿಕೊಂಡಿತು. ಅದರ ತಾಯಿಯ ಹೋರಾಟದಿಂದ 2022ರಲ್ಲಿ ಅಲ್ಲಿ ಆ ಮಗುವಿನ ಹೆಸರಿನ ಕಾಯಿದೆಯೇ ಬಂತು: ಸೆಲ್ಲಿನ ಮುಚ್ಚಳ ಮಕ್ಕಳ ಕೈಗೆ ಸುಲಭವಾಗಿ ಬಿಚ್ಚಬಾರದು, ಪೊಟ್ಟಣದ ಮೇಲೆ ಎಚ್ಚರಿಕೆ ಇರಬೇಕು. ಅದೇ ವರ್ಷ ಆಸ್ಟ್ರೇಲಿಯದಲ್ಲೂ ಇಂಥ ನಿಯಮ ಜಾರಿಗೆ ಬಂತು. ಒತ್ತಿ ತಿರುಗಿಸುವ ಮುಚ್ಚಳ ಏಕಿಷ್ಟು ಬಿಗಿ ಎಂದು ಗೊಣಗುವ ಮುನ್ನ ಇದನ್ನು ನೆನೆಯಿರಿ. ಮುಚ್ಚಳ ಮುರಿದ ರಿಮೋಟಿಗೆ ರಬ್ಬರ್ ಬ್ಯಾಂಡ್ ಹಾಕಿ ವರ್ಷಗಟ್ಟಲೆ ನಡೆಸುವ ನಮ್ಮ ಪದ್ಧತಿ ಈ ಸೆಲ್ಲಿನ ವಸ್ತುಗಳಿಗೆ ಸಲ್ಲದು. ಕೆಲವು ತಯಾರಕರು ಮಕ್ಕಳು ಉಗುಳಲೆಂದು ಸೆಲ್ಲಿಗೆ ಕಹಿ ಲೇಪ ಹಚ್ಚುತ್ತಾರೆ. ಒಳ್ಳೆಯದೇ. ಆದರೆ ಆ ಲೇಪವಿರುವ ಕೆಲವು ಸೆಲ್ಲುಗಳು ಏರ್‌ಟ್ಯಾಗಿನಲ್ಲಿ ನಡೆಯದಿರಬಹುದೆಂದು ಆಪಲ್ ಕಂಪನಿಯೇ ತಿಳಿಸಿದೆ. ಅಂಥದು ಸಿಕ್ಕರೆ ಚಾಕುವಿನಿಂದ ಕೆರೆಯದೆ, ಅಂಗಡಿಗೆ ಮರಳಿಸಿ ಲೇಪವಿಲ್ಲದ್ದನ್ನು ತನ್ನಿ, ಕಾವಲು ಇನ್ನಷ್ಟು ಬಿಗಿ ಮಾಡಿ.

ದನಗಳ ವಿಷಯವೂ ಇದೆ. ಎಮ್ಮೆ, ಆಕಳು ಮೇವಿನಲ್ಲಿ ಬಿದ್ದ ಮೊಳೆ, ತಂತಿಗಳನ್ನು ಆರಿಸಿ ಬಿಡುವ ಪ್ರಾಣಿಗಳಲ್ಲ; ಸೆಲ್ಲನ್ನೂ ಬಿಡಲಾರವು. ಗೋದಲಿಯ ಹತ್ತಿರ ನಿಂತು ಸೆಲ್ಲು ಬದಲಿಸಬೇಡಿ. ಬಿಲ್ಲೆಯನ್ನು ಸುಮ್ಮನೆ ದಾರದಲ್ಲಿ ತೂಗಬಿಟ್ಟರೆ ಜೊತೆಯ ಎತ್ತು ನೆಕ್ಕಿ ಜಗಿದೀತು. ಚರ್ಮದ ಸಣ್ಣ ಚೀಲದಲ್ಲಿಟ್ಟು, ನೊಗ ಒತ್ತದ ಕಡೆ ಪಟ್ಟಿಗೇ ಹೊಲಿಸಿರಿ.

ತೆಗೆದ ಸೆಲ್ಲನ್ನು ಆಗಿಂದಾಗ್ಗೆ ಎರಡೂ ಮುಖ ಮುಚ್ಚುವಂತೆ ಪಾರದರ್ಶಕ ಟೇಪಿನಿಂದ ಸುತ್ತಿ. ಒಲೆಗೆ ಹಾಕಿದರೆ ಸಿಡಿಯುತ್ತದೆ. ತಿಪ್ಪೆಗೆ ಎಸೆದರೆ ನಾಳೆ ಗೊಬ್ಬರದೊಂದಿಗೆ ಹೊಲ ಸೇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದು. ನಿಯಮವೇನೋ ಸರಿ, ನಾನು ನೋಡಿದ ಹಳ್ಳಿಯ ಅಂಗಡಿಗಳಲ್ಲಿ ಮಾತ್ರ ಹಳೆಯ ಸೆಲ್ಲು ತೆಗೆದುಕೊಳ್ಳುವವರಿಲ್ಲ. ಸೆಲ್ಲು ಮಾರುವವನು ಹಳೆಯದನ್ನು ಕೇಳಿ ಪಡೆಯುವ ವ್ಯವಸ್ಥೆಯನ್ನು ಕಂಪನಿಗಳು ಭಾಲ್ಕಿ, ಔರಾದಿನಂಥ ಊರುಗಳಿಗೂ ತರಬೇಕು, ಪಂಚಾಯಿತಿಗಳು ಅದನ್ನು ಒತ್ತಾಯಿಸಬೇಕು.

ಅಲ್ಲಿಯವರೆಗೆ ನನ್ನ ಮೇಜಿನ ಮೇಲೆ ತಿರುಪಿನ ಮುಚ್ಚಳದ ಒಂದು ಡಬ್ಬಿ ಇಟ್ಟಿದ್ದೇನೆ. ಔರಾದಿನ ಆ ರೈತರು ಮರುದಿನವೇ ಬಂದು ಮೊದಲ ಸೆಲ್ಲನ್ನು ಅದರಲ್ಲಿ ಹಾಕಿದರು, ಜೊತೆಗೆ ಮನೆಯ ಹಳೆಯ ಕೈಗಡಿಯಾರದ್ದೊಂದು, ತೂಕದ ಯಂತ್ರದ್ದೊಂದು. ಬೀಜಕ್ಕೋ ಗೊಬ್ಬರಕ್ಕೋ ಬರುವಾಗ ನಿಮ್ಮವನ್ನೂ ಟೇಪು ಸುತ್ತಿ ತನ್ನಿ. ಡಬ್ಬಿ ತುಂಬಿದ ಮೇಲೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುತ್ತೇನೆ.