ಬ್ಯಾಗು ತಪಾಸಣೆ ಸಾಲದು, ಪೋಷಕರನ್ನೂ ಕರೆಸಿ

ಶಾಲಾ ಶಿಕ್ಷಣ ಸಚಿವರಾದ ಶ್ರೀ ಮಧು ಬಂಗಾರಪ್ಪ ಅವರಿಗೆ,

ಮಾನ್ಯರೇ,

2022ರ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಶಾಲೆಗಳು ಎಂಟರಿಂದ ಹತ್ತನೇ ತರಗತಿಯವರ ಬ್ಯಾಗು ತಪಾಸಣೆ ಮಾಡಿದಾಗ ನೀರಿನ ಬಾಟಲಿಯಲ್ಲಿ ಮದ್ಯ ಸಿಕ್ಕ ಸುದ್ದಿ ತಮಗೆ ನೆನಪಿರಬಹುದು. ಆ ಮದ್ಯ ಬಂದದ್ದೆಲ್ಲಿಂದ ಎಂಬುದಕ್ಕೆ ಬ್ಯಾಗಿನಲ್ಲಿ ಉತ್ತರವಿಲ್ಲ. ರಾಜ್ಯದ ಅಬಕಾರಿ ನಿಯಮದಂತೆ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಹದಿಮೂರರ ಹುಡುಗನಿಗೆ ಅದು ಸಿಕ್ಕಿದೆಯೆಂದರೆ ಅಂಗಡಿಯವನು ನಿಯಮ ಮುರಿದಿರಬೇಕು, ಇಲ್ಲವೇ ಮನೆಯ ಕಪಾಟಿಗೆ ಬೀಗವಿಲ್ಲದಿರಬೇಕು. ಹೀಗಿರುವಾಗ ಇಡೀ ಹೊಣೆಯನ್ನು ಶಾಲೆಯ ಮೇಲೆ ಹೊರಿಸಿದರೆ ಫಲವಿಲ್ಲ. ನೆದರ್ಲೆಂಡ್ಸಿನ ಪ್ರೌಢಶಾಲೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನೇ ತೋರಿಸಿತು. ಕೆಲವೆಡೆ ಮಕ್ಕಳಿಗಷ್ಟೇ ಪಾಠ, ಕೆಲವೆಡೆ ಪೋಷಕರಿಗಷ್ಟೇ ಸಭೆ, ಮತ್ತೆ ಕೆಲವೆಡೆ ಎರಡೂ. ಮಕ್ಕಳ ಕುಡಿತ ಗಣನೀಯವಾಗಿ ತಗ್ಗಿದ್ದು ಎರಡೂ ಜೊತೆಯಾಗಿ ನಡೆದ ಕಡೆ ಮಾತ್ರ. ತರಗತಿಯ ಮಾತನ್ನು ಮನೆಯ ನಡವಳಿಕೆ ಸುಳ್ಳುಮಾಡಿದರೆ ಮಕ್ಕಳು ಕಲಿಯುವುದು ಮನೆಯಿಂದಲೇ.

ಮನೆಯೊಳಗಿನ ವಿಚಾರಕ್ಕೆ ಇಲಾಖೆ ಏಕೆ ಕೈಹಾಕಬೇಕು ಎನ್ನುವವರಿದ್ದಾರೆ. ಮಕ್ಕಳಿಗೆ ಮದ್ಯ ಕೊಡುವುದು ಮನೆಯ ವಿಚಾರವಾಗಿ ಉಳಿದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಅದಕ್ಕೆ ಏಳು ವರ್ಷದವರೆಗೆ ಕಠಿಣ ಸಜೆ ವಿಧಿಸುತ್ತದೆ. ನಮ್ಮೆದುರೇ ಒಂದು ಗುಟುಕು ರುಚಿ ನೋಡಲಿ, ಹೊರಗೆ ಕದ್ದು ಕುಡಿಯುವುದು ತಪ್ಪುತ್ತದೆ ಎನ್ನುವ ಸುಶಿಕ್ಷಿತ ತಂದೆತಾಯಿಯರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ 1,927 ಮಕ್ಕಳನ್ನು ಆರು ವರ್ಷ ಗಮನಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಹೆತ್ತವರೇ ಕೊಟ್ಟ ಮದ್ಯದಿಂದ ರಕ್ಷಣೆ ಸಿಕ್ಕಿದ್ದು ಅದರಲ್ಲಿ ಕಾಣಲಿಲ್ಲ. ಅಂಥ ಮಕ್ಕಳು ಬೇರೆ ಕಡೆಯಿಂದಲೂ ಮದ್ಯ ಪಡೆಯುವ ಸಂಭವ ಹೆಚ್ಚಿತ್ತು. ಸಿಕ್ಕಿಬಿದ್ದ ಮಗುವಿಗೆ ಟಿ.ಸಿ. ಕೊಟ್ಟು ಕಳಿಸಿದರೆ ಉಳಿದವರಾದರೂ ಸುಧಾರಿಸುತ್ತಾರೆ ಎಂಬ ವಾದವೂ ಇದೆ. ಕುಡಿತ ಮನೆಯಲ್ಲೇ ಇದ್ದರೆ, ಆ ಮಗುವಿಗೆ ಉಳಿದಿರುವ ಆಸರೆ ಶಾಲೆಯೊಂದೇ. ಅದನ್ನೂ ಕಿತ್ತುಕೊಳ್ಳುವುದು ಶಿಸ್ತಲ್ಲ.

ಕಾಮಾಕ್ಷಿಪಾಳ್ಯದ ಕಾರ್ಖಾನೆಗಳಲ್ಲಿ ಪಾಳಿಯಲ್ಲಿ ದುಡಿಯುವವರು ಕೂಲಿ ಬಿಟ್ಟು ಪೋಷಕರ ಸಭೆಗೆ ಬರುವುದು ಕಷ್ಟ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಅದಕ್ಕೆ ಪರಿಹಾರ ಭಾನುವಾರದ ಸಭೆ, ಸಭೆಯನ್ನೇ ಕೈಬಿಡುವುದಲ್ಲ. ಆದ್ದರಿಂದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳಲ್ಲಿ ಪಾಠ, ಸಭೆ ಎರಡನ್ನೂ ಮೊದಲು ಆರಂಭಿಸಿ. ಏಳನೇ ತರಗತಿಯ ಮಕ್ಕಳಿಗೆ ಮದ್ಯದ ಬಗ್ಗೆ ಪಾಠ ನಡೆಯುವ ವಾರವೇ ಅವರ ಪೋಷಕರೂ ಕೂತು, ಎಲ್ಲ ಮನೆಗಳಿಗೂ ಅನ್ವಯಿಸುವ ನಿಯಮಗಳನ್ನು ಒಪ್ಪಿಕೊಳ್ಳಲಿ. ಪಾಠ ಸಿದ್ಧಪಡಿಸಲು ನಿಮ್ಹಾನ್ಸ್ ತಜ್ಞರ ನೆರವು ಕೋರಿ. 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ನಿರೀಕ್ಷಿಸಿದ ಸರ್ಕಾರ, ಇದಕ್ಕೆ ಹಣವಿಲ್ಲ ಎನ್ನುವಂತಿಲ್ಲ.

ಇಂತಿ,
ಪಶ್ಚಿಮ ಬೆಂಗಳೂರಿನ ಒಬ್ಬ ನಾಗರಿಕ