ಗಟ್ಟಿ ಪಿಸ್ತೂಲು ಬೇರೆ, ನಂಬುವ ಪಿಸ್ತೂಲು ಬೇರೆ

ನಮ್ಮ ಶಲವಡಿಯಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಗೆಳೆಯನೊಬ್ಬ ರಜೆಗೆ ಊರಿಗೆ ಹೋದಾಗ ಕೇಳಿದ: ‘ನೀ ಎಂಜಿನಿಯರಿಂಗ್ ಓದಾಂವ, ಹೇಳಪಾ, ಯಾವ ಪಿಸ್ತೂಲ್ ಗಟ್ಟಿ?’ ಎಲ್ಲರೂ ಹೇಳುವಂತೆ ನಾನೂ ‘ಗ್ಲಾಕ್’ ಎಂದುಬಿಟ್ಟೆ. ಆಮೇಲೆ ಓದುತ್ತ ಹೋದಂತೆ, ಅವನ ಒಂದು ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ ಅನಿಸಿತು.

ಮೆಣಸಿನ ಗಿಡಕ್ಕೆ ಔಷಧ ಹೊಡೆಯುವ ನಮ್ಮ ಮನೆಯ ಪಂಪು ಹತ್ತು ವರ್ಷವಾದರೂ ಮುರಿದಿಲ್ಲ. ಆದರೆ ಔಷಧ ಹೊಡೆಯುವ ದಿನವೇ ಅದರ ನಾಜಲ್ ಕಟ್ಟಿಕೊಳ್ಳುತ್ತದೆ. ಅದು ಬಾಳಿಕೆ ಬರುವ ಪಂಪು, ಆದರೆ ನೆಚ್ಚುವಂಥದ್ದಲ್ಲ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನ ಕಥೆಯೂ ಇಷ್ಟೇ. ಟ್ರಿಗರ್ ಒಮ್ಮೆ ಎಳೆದರೆ ಒಂದು ಗುಂಡು ಹಾರುತ್ತದೆ. ಮೇಲಿನ ಸ್ಲೈಡ್ ಹಿಂದೆ ಸರಿದು ಖಾಲಿ ಕೇಸನ್ನು ಹೊರಹಾಕಿ, ಮುಂದೆ ಬರುವಾಗ ಹೊಸ ಗುಂಡನ್ನು ಒಳಗೆ ತಳ್ಳುತ್ತದೆ. ಸ್ಲೈಡ್ ಎಷ್ಟು ಸಾವಿರ ಗುಂಡು ತಾಳುತ್ತದೆ ಎಂಬುದು ಬಾಳಿಕೆ. ಈಗ ಎಳೆದರೆ ಈಗಲೇ ಹಾರುತ್ತದೆಯೇ ಎಂಬುದು ವಿಶ್ವಾಸಾರ್ಹತೆ.

ಅಮೆರಿಕದ ಸೇನೆ 1985ರಲ್ಲಿ ಬೆರೆಟಾ ಎಂ9 ಆರಿಸಿತು. ಕೆಲವೇ ವರ್ಷಗಳಲ್ಲಿ ಸ್ಲೈಡ್ ಒಡೆದು ಹಿಂದಕ್ಕೆ ಹಾರಿ, ಗುಂಡು ಹಾರಿಸಿದವರ ಮುಖಕ್ಕೇ ಗಾಯವಾದ ಪ್ರಕರಣಗಳು ಬಂದವು. ಕಂಪನಿ ಹ್ಯಾಮರ್ ಪಿನ್ನಿನ ತಲೆಯನ್ನು ದೊಡ್ಡದು ಮಾಡಿ, ಒಡೆದರೂ ಸ್ಲೈಡ್ ಹಿಂದೆ ಹಾರದಂತೆ ತಡೆಯಿತು. ಇದು ಬಾಳಿಕೆಯ ಸಮಸ್ಯೆ.

2017ರಲ್ಲಿ ಎಂ9 ಬದಲಿಗೆ ಸಿಗ್ ಸಾವರ್ ಪಿ320 ಬಂತು. ಸೇನೆಯಲ್ಲಿ ಅದರ ಹೆಸರು ಎಂ17, ಚಿಕ್ಕದಕ್ಕೆ ಎಂ18. ಅಲ್ಲಿನ ರಕ್ಷಣಾ ಇಲಾಖೆಯ ಪರೀಕ್ಷಾ ವಿಭಾಗದ ವರದಿ ಸಾರ್ವಜನಿಕವಾಗಿಯೇ ಇದೆ. ಸರಾಸರಿ 2,000 ಗುಂಡಿಗೆ ಒಂದು ತಡೆ, ಇದು ಸೇನೆ ಕೇಳಿದ ಮಟ್ಟ. ಸಾಮಾನ್ಯ ಗುಂಡುಗಳಲ್ಲಿ ಎಂ17ಕ್ಕೆ ಸಿಕ್ಕಿದ್ದು 343, ಎಂ18ಕ್ಕೆ 197. ಇದನ್ನು ವಿಶ್ವಾಸಾರ್ಹತೆಯ ಘಾತೀಯ ಸೂತ್ರಕ್ಕೆ ಹಾಕಿ ನೋಡಿ (ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಮೊದಲ ಸಲ ಉಪಯೋಗಕ್ಕೆ ಬಂತು): 96 ಗುಂಡು ತಡೆಯಿಲ್ಲದೆ ಹಾರುವ ಸಾಧ್ಯತೆ 2,000ಕ್ಕೆ ಶೇ 95, 343ಕ್ಕೆ ಸುಮಾರು ಶೇ 75, 197ಕ್ಕೆ ಶೇ 61.

ಕಾರಣ ಇನ್ನೂ ಸ್ವಾರಸ್ಯಕರ. ತಡೆಗಳಲ್ಲಿ ದೊಡ್ಡ ಪಾಲು, ಕೊನೆಯ ಗುಂಡಿನ ನಂತರ ಸ್ಲೈಡ್ ಹಿಂದೆ ನಿಲ್ಲದೇ ಹೋದದ್ದು. ಹಿಡಿತ ಮೇಲಿದ್ದು ಹೆಬ್ಬೆರಳು ಲಿವರ್ ಮೇಲೆ ಕೂತರೆ ಹಾಗಾಗುತ್ತದೆ. ಅಂದರೆ ಉಕ್ಕಿಗಿಂತ ಕೈಯ ಪಾಲೇ ಹೆಚ್ಚು. ಅದೇ ಪಿಸ್ತೂಲು ಬೇರೆ ಬಗೆಯ ಗುಂಡಿನಲ್ಲಿ ಕಡಿಮೆ ತಡೆ ಕೊಟ್ಟಿತು.

2025ರ ಜುಲೈನಲ್ಲಿ ವಯೋಮಿಂಗ್‌ನ ವಾಯುನೆಲೆಯಲ್ಲಿ ಎಂ18 ಗುಂಡಿಗೆ ಯೋಧನೊಬ್ಬ ಸತ್ತಾಗ, ಪಿಸ್ತೂಲು ತಾನಾಗಿಯೇ ಹಾರಿತು ಎಂಬ ಮಾತು ಹಬ್ಬಿತು. ವಾಯುಪಡೆಯ ಒಂದು ಕಮಾಂಡ್ ಅದರ ಬಳಕೆ ನಿಲ್ಲಿಸಿತು. ಆಗಸ್ಟ್‌ನಲ್ಲಿ ಇನ್ನೊಬ್ಬ ಯೋಧನ ಬಂಧನವಾಯಿತು. ತಪಾಸಣೆ ಮುಗಿಸಿ ಪಿಸ್ತೂಲನ್ನು ಮತ್ತೆ ಬಳಕೆಗೆ ತಂದರು. ತಪಾಸಣೆಯಲ್ಲಿ ಕೆಲವು ಪಿಸ್ತೂಲುಗಳ ಬಿಡಿಭಾಗ ಸವೆದಿದ್ದೂ ಕಂಡಿತು. ವದಂತಿ ನಂಬಿದವರೂ ಕಂಪನಿಯನ್ನು ನಂಬಿದವರೂ ಇಬ್ಬರೂ ಅವಸರ ಮಾಡಿದ್ದರು.

ನಮ್ಮಲ್ಲಿ ಇಷಾಪುರ ರೈಫಲ್ ಫ್ಯಾಕ್ಟರಿಯ 9 ಎಂಎಂ ಆಟೊ ಪಿಸ್ತೂಲು 1935ರ ಬ್ರೌನಿಂಗ್ ವಿನ್ಯಾಸದ ಮೇಲೆ ನಿಂತದ್ದು: ಉಕ್ಕಿನ ದೇಹ, 13 ಗುಂಡು. 1982ರಲ್ಲಿ ಆಸ್ಟ್ರಿಯಾ ಸೇನೆ ಸೇರಿದ ಗ್ಲಾಕ್ 17ರದ್ದು ಪ್ಲಾಸ್ಟಿಕ್ ದೇಹ, ಬಿಡಿಭಾಗ 34 ಮಾತ್ರ, 17 ಗುಂಡು. ಭಾಗ ಕಡಿಮೆಯಾದಷ್ಟೂ ಕೆಡುವ ಜಾಗ ಕಡಿಮೆ. ಆದರೂ ನಮ್ಮ ಯರಿ ಹೊಲದ ಬೇಸಿಗೆ ಧೂಳು ಹೆಚ್ಚು ಎಣ್ಣೆ ಹಚ್ಚಿದ ಸ್ಲೈಡಿಗೆ ಅಂಟಿಕೊಂಡರೆ, ಎರಡಕ್ಕೂ ಸಾಣೆಕಲ್ಲಿನ ಕೆಸರೇ ಆಗುತ್ತದೆ.

2024ರಲ್ಲಿ ಸೇನೆಯ ಉತ್ತರ ಕಮಾಂಡ್ 550 ಸ್ವದೇಶಿ ‘ಅಸ್ಮಿ’ ಮಷಿನ್ ಪಿಸ್ತೂಲು ಪಡೆದಾಗ ನಾವು ಸಂಖ್ಯೆ ನೋಡಿ ಖುಷಿಪಟ್ಟೆವು. ಎಷ್ಟು ಗುಂಡಿಗೆ ಒಂದು ತಡೆ ಎಂಬ ಅಂಕಿಯನ್ನೂ ಅದೇ ಉಮೇದಿನಲ್ಲಿ ಕೇಳಬೇಕು. ಪೊಲೀಸ್ ಖರೀದಿಗೂ ಅದನ್ನೇ ಕೇಳಬೇಕು, ಏಕೆಂದರೆ ನಾಳೆ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುವವರು ನಮ್ಮ ಊರಿನ ಹುಡುಗ-ಹುಡುಗಿಯರು.

ಇದನ್ನೆಲ್ಲ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದೆಲ್ಲಾ ಇರಲಿ, ಪ್ರಾಕ್ಟೀಸಿಗೆ ವರ್ಷಕ್ಕ ಎಷ್ಟು ಗುಂಡು ಕೊಡ್ತಾರಂತ?’ ಎಂದ.