ಒಂಟೆ ವ್ಯಾಪಾರಿಯ ಯುದ್ಧದ ಲೆಕ್ಕ

2023ರ ಎಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ 31 ಮಂದಿ ಎಲ್ ಫಾಶರ್ ನಗರದಲ್ಲಿ ಸಿಲುಕಿದ್ದರು. ಗಿಡಮೂಲಿಕೆ ಮಾರಲು ಹೋದವರು ಹೇಗೋ ಊರು ಸೇರಿದರು. ಎಲ್ ಫಾಶರ್‌ನ ಜನರಿಗೆ ಓಡಿ ಹೋಗಲು ಬೇರೆ ಊರಿರಲಿಲ್ಲ. ಸುಮಾರು 18 ತಿಂಗಳ ಮುತ್ತಿಗೆಯ ಬಳಿಕ, 2025ರ ಅಕ್ಟೋಬರ್‌ನಲ್ಲಿ ನಗರ ಆರ್‌ಎಸ್‌ಎಫ್ ಪಡೆಯ ವಶವಾಯಿತು. ಒಂದು ಹೆರಿಗೆ ಆಸ್ಪತ್ರೆಯಲ್ಲೇ 460ಕ್ಕೂ ಹೆಚ್ಚು ಮಂದಿ ಹತರಾದ ವರದಿ ಬಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಈ ಪಡೆಯ ನಾಯಕ ಮುಹಮ್ಮದ್ ಹಮ್ದಾನ್ ದಗಾಲೊ. ಜನ ಕರೆಯುವುದು ಹೆಮೆದ್ತಿ ಅಂತ. ಶಾಲೆ ಅರ್ಧಕ್ಕೇ ಬಿಟ್ಟು ಒಂಟೆ ವ್ಯಾಪಾರಕ್ಕಿಳಿದವ. ಡಾರ್ಫರ್ ಬಂಡಾಯ ಅಡಗಿಸಲು ಅಧ್ಯಕ್ಷ ಬಶೀರ್ ಸಾಕಿದ ಜಂಜಾವೀದ್ ಗುಂಪಿನಲ್ಲಿ ಬೆಳೆದ. 2013ರಲ್ಲಿ ಆ ಗುಂಪಿಗೆ ಆರ್‌ಎಸ್‌ಎಫ್ ಎಂಬ ಸರಕಾರಿ ಬೋರ್ಡು ಬಿತ್ತು. 2017ರಲ್ಲಿ ಜಬಲ್ ಆಮಿರ್‌ನ ಚಿನ್ನದ ಗಣಿಗಳು ಕೈಸೇರಿದವು. ಯಮನ್ ಯುದ್ಧಕ್ಕೆ ಹುಡುಗರನ್ನು ಕಳಿಸಿಯೂ ದುಡ್ಡು ಬಂತು. 2019ರಲ್ಲಿ ಸಾಕಿದ ಬಶೀರನನ್ನೇ ಕೈಬಿಟ್ಟ. 2021ರಲ್ಲಿ ಸೇನಾ ಮುಖ್ಯಸ್ಥ ಬುರ್ಹಾನ್ ಜೊತೆ ಸೇರಿ ಸರಕಾರ ಉರುಳಿಸಿದ. ತನ್ನ ಪಡೆಯನ್ನು ಸೇನೆಯಲ್ಲಿ ವಿಲೀನ ಮಾಡುವ ಮಾತು ಬಂದಾಗ ಅದೇ ಬುರ್ಹಾನ್ ಜೊತೆ ಯುದ್ಧ.

ಓದಿಲ್ಲದ್ದಕ್ಕೆ ಹೀಗಾ? ಅಷ್ಟು ಸುಲಭ ಇಲ್ಲ. ದಕ್ಷಿಣ ಸುಡಾನಿನ ರಿಯೆಕ್ ಮಚಾರ್ ಬ್ರಿಟನ್‌ನಲ್ಲಿ ಪಿಎಚ್‌ಡಿ ಮಾಡಿದವರು. 1991ರಲ್ಲಿ ಬೋರ್‌ನಲ್ಲಿ ಡಿಂಕಾ ಜನರ ಕಗ್ಗೊಲೆ ಮಾಡಿದ್ದು ಅವರದೇ ಬಣ. ಸೇನಾ ಕಾಲೇಜಿನಲ್ಲಿ ಕಲಿತ ಬುರ್ಹಾನರ ವಿಮಾನಗಳೂ ಮಾರ್ಕೆಟ್‌ಗಳ ಮೇಲೆ ಬಾಂಬು ಹಾಕಿವೆ.

ಹಾಗಾದರೆ ಹಿನ್ನೆಲೆಯಲ್ಲಿ ನೋಡಬೇಕಾದ್ದು ಏನು? ಡಿಗ್ರಿಯನ್ನಲ್ಲ, ಬಂಡವಾಳದ ಮೂಲವನ್ನು. ಅಮೆರಿಕದಲ್ಲಿ ಅರ್ಥಶಾಸ್ತ್ರ ಓದಿದ ಜಾನ್ ಗರಾಂಗ್ 1983ರಲ್ಲಿ ಬಂಡಾಯಕ್ಕಿಳಿದಾಗ ಇಥಿಯೋಪಿಯದ ಬೆಂಬಲವಿತ್ತು. ಅವರ ಪಡೆಯೂ ಜನರಿಗೆ ಕಾಟ ಕೊಟ್ಟಿದೆ. 1991ರಲ್ಲಿ ಆ ಬೆಂಬಲ ನಿಂತಿತು, ಪಡೆಯೂ ಒಡೆಯಿತು. ಆಮೇಲೆ ಜನರನ್ನು ಬಿಟ್ಟರೆ ಗತಿಯಿರಲಿಲ್ಲ. 1994ರಲ್ಲಿ ಸಮಾವೇಶ ಕರೆದು, ತಮ್ಮ ಹಿಡಿತದ ಪ್ರದೇಶಕ್ಕೆ ನಾಗರಿಕ ಆಡಳಿತದ ವ್ಯವಸ್ಥೆ ರೂಪಿಸಿದರು. 2005ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು.

ಹೆಮೆದ್ತಿಗೆ ಅಂಥ ಗರಜು ಇಲ್ಲ. ಆತನ ದುಡ್ಡು ಬರುವುದು ಚಿನ್ನದಿಂದ, ಹೊರಗಿನವರಿಂದ. ಊರು ಹಾಳಾದರೂ ಆತನ ವ್ಯಾಪಾರ ನಿಲ್ಲುವುದಿಲ್ಲ, ಯಾಕೆಂದರೆ ಆ ಊರಿನ ಜನ ಆತನ ಗಿರಾಕಿಗಳೇ ಅಲ್ಲ.

ಸುಡಾನಿನ ಚಿನ್ನದ ಬಹುಪಾಲು ಯುಎಇಗೆ ಹೋಗುತ್ತದೆ. ಆರ್‌ಎಸ್‌ಎಫ್‌ಗೆ ಆಯುಧ ಕೊಡುವ ಆರೋಪವನ್ನು ಯುಎಇ ನಿರಾಕರಿಸುತ್ತಲೇ ಬಂದಿದೆ. ಕದನವಿರಾಮದ ಮಾತುಕತೆಗಳು ನಡೆಯುತ್ತಲೇ ಇವೆ. ಆದರೆ ಈ ಲೆಕ್ಕದ ಪುಸ್ತಕ ಮೇಜಿನ ಮೇಲೆ ಬಾರದೆ ಬರೀ ಸಹಿಯಿಂದ ಬಂದೂಕು ಕೆಳಗಿಳಿಯುವುದುಂಟೇ?